ಶಂಕ್ರೆವ್ವನ ಮಗಳ ಒಡಪು

“ಮೊದಲ ನೀ ಯಾರಾಕಿ, ಅದನ್ನ ಹೇಳು,” ಎಂದಳು ರುದ್ರವ್ವ, ಒಣದ್ರಾಕ್ಷಿಯ ರಾಶಿಯಿಂದ ಕಣ್ಣೆತ್ತದೆ.

ತಿಕೋಟಾದ ಆ ಶೆಡ್ಡಿನಲ್ಲಿ ಹನ್ನೆರಡು ಮಂದಿ ಹೆಂಗಸರು ಸಾಲಾಗಿ ಕುಳಿತು, ಹಣ್ಣಿನ ಕಡ್ಡಿ ಕಿತ್ತು, ಕಪ್ಪಾದದ್ದನ್ನು ಬೇರೆ ಮಾಡುತ್ತಿದ್ದರು. ಅನುರಾಧಾ ನೆಟ್ಟಗೆ ನಿಂತು, ಕಾಲೇಜಿನಲ್ಲಿ ಕಲಿಸಿದಂತೆ ಹೇಳಿದಳು: “ನಾನು ವಿಜಯಪುರದಲ್ಲಿ ಪತ್ರಿಕೋದ್ಯಮ ಓದುತ್ತಿರುವ ವಿದ್ಯಾರ್ಥಿನಿ. ಉದಯೋನ್ಮುಖ ಲೇಖಕಿ. ತಮ್ಮ ಅನುಭವಗಳನ್ನು ದಾಖಲಿಸಲು ಬಂದಿದ್ದೇನೆ.”

“ಯಪ್ಪಾ! ರೇಡಿಯೋ ಹಚ್ಚಿದಂಗಾತು,” ಎಂದಳು ರುದ್ರವ್ವನ ಪಕ್ಕದಲ್ಲಿ ಕುಳಿತಿದ್ದ ಮುಮತಾಜ. ಸಾಲಿಗೆ ಸಾಲೇ ನಕ್ಕಿತು.

ಬೆಳಗಿನಿಂದ ಹೀಗೇ ಆಗಿತ್ತು. ಏನು ಕೇಳಿದರೂ ‘ಮಾಲಕರನ್ನ ಕೇಳವ್ವಾ’ ಎಂಬ ಒಂದೇ ಉತ್ತರ. ನಗರದ ವಾರಪತ್ರಿಕೆಯೊಂದು ಹೊಸ ಬರಹಗಾರರಿಗೆಂದು ಒಂದು ಪುಟ ಬಿಟ್ಟಿತ್ತು. ನಾಳೆ ಬೆಳಗ್ಗೆ ಲೇಖನ ಮುಟ್ಟದಿದ್ದರೆ ಆ ಜಾಗ ಬೇರೆಯವರಿಗೆ. ಹೆಸರು ಹೇಳದವರ ಮಾತನ್ನು ಅಚ್ಚು ಹಾಕುವುದಿಲ್ಲವೆಂದು ಸಂಪಾದಕರು ಮೊದಲೇ ತಿಳಿಸಿದ್ದರು.

“ಲಗ್ನದಾಗ ಒಡಪ ಹೇಳತಾರಲ್ಲ, ಹಂಗ ಗಂಡನ ಹೆಸರ ಹಾಕಿ ಒಂದು ಹೇಳು,” ಎಂದಳು ರುದ್ರವ್ವ. “ಆಮ್ಯಾಲ ನಾವು ಮಾತಾಡತೇವಿ.”

“ನಂದಿನ್ನೂ ಲಗ್ನ ಆಗಿಲ್ರಿ, ಆಯಿ.”

“ಹಂಗಾದ್ರ ಲಗ್ನ ಮಾಡ್ಕೊಂಡು ಬಾ ಬೇ!” ಎಂದಳು ಮುಮತಾಜ.

ಅನುರಾಧಾ ಅವರ ನಡುವೆ ನೆಲದ ಮೇಲೆ ಕುಳಿತಳು. ತನ್ನೂರು ಜೈನಾಪುರದ ಮದುವೆಗಳಲ್ಲಿ ಅವ್ವ ಒಡಪು ಹೇಳಿದರೆ ಮನೆಯೆಲ್ಲ ಸುಮ್ಮನಾಗಿ ಕೇಳುತ್ತಿತ್ತು. ಅವ್ವ ಶಿವನ ಪಾದ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳನ್ನೊಮ್ಮೆ ನೆನೆದು, ಗಂಡನ ಹೆಸರು ಬರಬೇಕಾದ ಜಾಗಕ್ಕೆ ಅವಳ ಹೆಸರನ್ನೇ ತಂದಳು.

“ಅಕ್ಷರ ಕೊಟ್ಟೈತಿ ಜೈನಾಪುರದ ಸಾಲಿ,
ಕೈಯಾಗ ಹಿಡದೇನಿ ಬರಿಯದ ಹಾಳಿ,
ಶಂಕ್ರೆವ್ವನ ಮಗಳು ಅನುರಾಧಾ ಕೇಳತಾಳ,
ನಿಮ್ಮ ಹೆಸರ ಹೇಳ್ರಿ, ಹಾಳಿ ಐತಿ ಖಾಲಿ.”

ಯಾರೂ ನಗಲಿಲ್ಲ. ರುದ್ರವ್ವನ ಕೈ ರಾಶಿಯಲ್ಲೇ ನಿಂತಿತು.

“ನಲವತ್ತು ವರ್ಷ ಆತು,” ಎಂದಳು. “ಊರಾಗ ಎಲ್ಲಾರ ಬಾಯಾಗೂ ನಾ ಭಾಗಪ್ಪನ ಹೇಣ್ತಿ. ಬರಕೋ, ರುದ್ರವ್ವ. ಹಣ್ಣ ಮೂಸಿ ಯಾವ ಊರಿಂದು ಅಂತ ಹೇಳತೇನಿ, ಅದನ್ನೂ ಬರಿ.”

“ಸುಳ್ಳ! ಮೊನ್ನೆ ಬಬಲೇಶ್ವರದ ಹಣ್ಣಿಗೆ ತಿಕೋಟಾದ್ದು ಅಂದಿದ್ದಿ,” ಎಂದು ಚುಚ್ಚಿದಳು ಮುಮತಾಜ. “ನಂದೂ ಬರಕೋ. ಮುಮತಾಜ. ಈ ಶೆಡ್ಡಿನಾಗ ನನಗಿಂತ ಚುರುಕ ಕೈ ಯಾರದೂ ಇಲ್ಲ.”

“ಆಕಿದೊಂದ ಬರದ್ರ ಹೆಂಗ? ನಮ್ಮವು?” ಎಂದು ಸಾಲಿನ ಕೊನೆಯಿಂದ ಕೂಗು ಬಂತು. ಒಬ್ಬರ ಮೇಲೊಬ್ಬರು ಹೇಳತೊಡಗಿದರು. ಅನುರಾಧಾ ಪುಟ ತಿರುವಿದಳು, ಮತ್ತೆ ತಿರುವಿದಳು. ಬೆರಳು ನೋಯುತ್ತಿತ್ತು, ಮುಖದ ತುಂಬ ನಗೆಯಿತ್ತು.

ಹೆಂಗಸರನ್ನು ಊರಿಗೆ ಒಯ್ಯುವ ಟಂಟಂ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯಿತು. ಯಾರೂ ಏಳಲಿಲ್ಲ. ರುದ್ರವ್ವ ಅಂಟು ಬೆರಳನ್ನು ಸೆರಗಿಗೆ ಒರೆಸಿಕೊಂಡು, ಮುಂದಕ್ಕೆ ಬಾಗಿ, ಅನುರಾಧಾ ಹಾಳಿಯಲ್ಲಿ ತೋರಿಸಿದ ಸಾಲಿನಲ್ಲಿ ತನ್ನ ಹೆಸರಿನ ಕೆಳಗೆ ಮೆಲ್ಲಗೆ ಬೆರಳಿಟ್ಟಳು.