ಹೊತ್ತ ಐತೇನೋ, ಶ್ರೇಣಿಕಾ?

ಶ್ರೇಣಿಕ ಜೀಪಿನ ಕೀಲಿ ತಿರುವಿದ. ಟಕ್ ಎಂದಿತು. ಇನ್ನೊಮ್ಮೆ ತಿರುವಿದ. ಈ ಸಲ ಅದೂ ಇಲ್ಲ.

ಕೈಗಡಿಯಾರದಲ್ಲಿ ಐದೂ ಮೂವತ್ತು. ಹಿಡಕಲ್ ಹಿನ್ನೀರಿನ ಆಚೆ ದಂಡೆಯ ಬಂಡೆಯೊಂದರ ಮೇಲೆ ಅವನ ತಾಯಿ ಜಿನ್ನವ್ವ ಕೂತಿದ್ದಳು, ಪಕ್ಕದಲ್ಲಿ ಅವನ ಹೆಂಡತಿ ಆರತಿ ನಿಂತಿದ್ದಳು. ದಾಟಿಸುವವನು ಈಗ ಬಂದೇಬಿಡುತ್ತಾನೆಂದು ನಂಬಿ ಐದು ಗಂಟೆಗೆ ಸರಿಯಾಗಿ ಜಿನ್ನವ್ವ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಮಾಡಿಸಿಕೊಂಡಿದ್ದಳು. ಅದಾದ ಅರ್ಧ ತಾಸಿನೊಳಗೆ ಹೊಟ್ಟೆಗೆ ಏನಾದರೂ ಬೀಳಬೇಕು. ಬೀಳದಿದ್ದರೆ ಮೈ ನಡುಗಿ, ಬೆವರಿ, ಕಣ್ಣು ಕತ್ತಲೆ ಬರುತ್ತದೆ. ಹೋದ ವರ್ಷ ಹಾಗೇ ಆಗಿ ಗೋಕಾಕದ ದವಾಖಾನೆಯಲ್ಲಿ ಎರಡು ದಿನ ಮಾತಿಲ್ಲದೆ ಮಲಗಿದ್ದಳು. ಊಟದ ಡಬ್ಬಿ ಇದ್ದದ್ದು ಈಚೆ ದಂಡೆಯ ತಂಬುವಿನಲ್ಲಿ. ನಡುವೆ ನೂರು ಮಾರು ನೀರು. ಮೂರು ಗಂಟೆಗೆ ಅವರನ್ನು ಹರಗೋಲಿನಲ್ಲಿ ದಾಟಿಸಿ, ಆಚೆಯ ಪಾಳು ಬಸದಿ ನೋಡಿಕೊಂಡು ಬನ್ನಿ, ಐದಕ್ಕೆ ಕರೆದೊಯ್ಯುತ್ತೇನೆ ಎಂದಿದ್ದ ಮೀನುಗಾರ ಪರಸಪ್ಪನ ಸುಳಿವೇ ಇರಲಿಲ್ಲ. ರಸ್ತೆಯ ಮೇಲೆ ಸುತ್ತಿಕೊಂಡು ಹೋದರೆ ಹನ್ನೊಂದು ಕಿಲೋಮೀಟರು.

"ಏನಾತ್ರಿ? ಜೀಪ ತಗೊಂಡ ಬರ್ರಿ ಲಗೂನ!" ಆರತಿಯ ಕೂಗು ನೀರಿನ ಮೇಲೆ ತೇಲಿ ಬಂತು. "ಅತ್ತಿ ಕೈ ನಡಗಾಕತ್ತಾವು!"

"ಜೀಪಿಗೆ ಏನೋ ಆಗೈತಿ!" ಎಂದು ಶ್ರೇಣಿಕ ಕೂಗಿದ. ಅದು ಅವತ್ತಿನ ಎರಡನೆಯ ಸುಳ್ಳು.

ಜೀಪಿಗೆ ಏನಾಗಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಾನೆಟ್ ತೆರೆದೇ ಇತ್ತು. ಬ್ಯಾಟರಿಯನ್ನು ಎರಡು ಕ್ಲಿಪ್ಪು ಕಚ್ಚಿ ಹಿಡಿದಿದ್ದವು. ಅವುಗಳ ವೈರಿನ ತುದಿಗೆ ನಾಲ್ಕನ್ನು ಒಟ್ಟಿಗೇ ತುಂಬುವ ಚಾರ್ಜರ್, ಅದರ ಪಕ್ಕ ಟವೆಲಿನ ಮೇಲೆ ಸಾಲಾಗಿ ನಾಲ್ಕು ಪುಟ್ಟ ಬ್ಯಾಟರಿಗಳು.

ಮೂಡಲಗಿಯಲ್ಲಿ ಶ್ರೇಣಿಕನದು ಮೋಟರ್ ವೈಂಡಿಂಗ್ ಅಂಗಡಿ. ಅರಭಾವಿ, ಮೇಲವಂಕಿಯ ರೈತರು ಸುಟ್ಟ ಪಂಪಿನ ಮೋಟರು ತಂದು ಹಾಕಿದರೆ ಎರಡೇ ದಿನದಲ್ಲಿ ಸುತ್ತಿ ಕೊಡುವ ಕೈ ಅವನದು. ನಲವತ್ತೊಂದನೆಯ ವಯಸ್ಸಿಗೆ ಆ ಕೈ ಹುಚ್ಚು ಹಿಡಿಸಿಕೊಂಡಿತ್ತು. ಸಾಗವಾನಿ ಹಲಗೆ ಕೆತ್ತಿ ಎರಡು ಅಡಿ ಉದ್ದದ ದೋಣಿ ಮಾಡಿ, ಪುಣೆಯಿಂದ ಮೋಟರು, ರಿಮೋಟು ತರಿಸಿ ಕೂಡಿಸಿದ್ದ. ಮೂಡಲಗಿಯಲ್ಲಿ ಅದನ್ನು ಓಡಿಸಲು ಅಷ್ಟು ದೊಡ್ಡ ನೀರಿಲ್ಲ. ಅದಕ್ಕೇ ಎರಡು ಸಾವಿರದ ಮೂರನೇ ಇಸವಿಯ ಡಿಸೆಂಬರಿನಲ್ಲಿ ಹುಕ್ಕೇರಿ ಕಡೆಯ ಈ ಹಿನ್ನೀರಿಗೆ ತಂಬು ಹೊಡೆದು ಎರಡು ದಿನ ವಸ್ತಿ ಇರಲು ಬಂದದ್ದು. ಮರುದಿನ ಮುಂಜಾನೆ ಕೊಲ್ಲಾಪುರದ ಗೆಳೆಯನೊಬ್ಬ ತನ್ನ ದೋಣಿ ತರುವವನಿದ್ದ. ಒಂದು ಬ್ಯಾಟರಿ ಓಡುವುದು ಎಂಟು ನಿಮಿಷ, ತುಂಬುವುದಕ್ಕೆ ಒಂದು ತಾಸು. ಈ ಹುಚ್ಚಿನವರಿಗೆ ಬ್ಯಾಟರಿ ಎಷ್ಟಿದ್ದರೂ ಕಡಿಮೆಯೇ. ಕರೆಂಟು ಇಲ್ಲದ ಕಡೆ ಜೀಪಿನ ಹೊಟ್ಟೆಗೇ ಬಾಯಿ ಹಾಕಬೇಕು.

ಹರಗೋಲು ಹತ್ತುವ ಮುಂಚೆ ಜಿನ್ನವ್ವ ಆ ಕ್ಲಿಪ್ಪುಗಳನ್ನೇ ನೋಡುತ್ತ ನಿಂತಿದ್ದಳು. ಗಂಡನ ಟ್ರ್ಯಾಕ್ಟರಿನ ಜೊತೆ ಇಪ್ಪತ್ತು ವರ್ಷ ಸಂಸಾರ ಮಾಡಿದವಳು ಅವಳು.

"ಹಳೇ ಬ್ಯಾಟರಿ ಐತಪಾ ಅದು, ಲಗೂನ ಇಳೀತೈತಿ. ಅರ್ಧ ತಾಸಿಗೊಮ್ಮಿ ಎಂಜಿನ್ ಚಾಲೂ ಮಾಡತಿ ಇಲ್ಲ?"

"ಹೂನವ್ವ, ಮಾಡತೇನಿ. ನೀ ಆರಾಮ ಹೋಗಿ ಬಾ."

ಒಮ್ಮೆ ಮಾಡಿದ್ದ. ಎಂಜಿನ್ ಗುಡುಗಿದ ಕೂಡಲೇ ಚಾರ್ಜರ್ ಬೆಚ್ಚಿ, ಅಷ್ಟೊತ್ತು ತುಂಬಿದ್ದನ್ನೆಲ್ಲ ಮರೆತು ಮೊದಲಿನಿಂದ ಶುರು ಮಾಡಿತು. ಆಮೇಲೆ ಅವನು ಕೀಲಿ ಮುಟ್ಟಲಿಲ್ಲ. ಜೀಪಿನ ಟೇಪ್ ರೆಕಾರ್ಡರ್ ಹಚ್ಚಿ ಒಂದು ನಿದ್ದೆ ತೆಗೆದ.

ಜೀಪಿನ ಮೂತಿ ನೀರಿನ ಕಡೆಗಿತ್ತು, ಗಾಲಿ ಮೆತ್ತನೆಯ ಮಣ್ಣಿನಲ್ಲಿ. ಒಬ್ಬನೇ ದೂಡಿ ನೋಡಿದ. ಅದು ಜಗ್ಗಲಿಲ್ಲ.

ತಡವಾದರೂ ಉಣ್ಣುವವಳಾಗಿದ್ದರೆ ಓಡಿಕೊಂಡಾದರೂ ಹೋಗುತ್ತಿದ್ದ. ಆದರೆ ಹೊತ್ತು ಮುಳುಗಿದ ಮೇಲೆ ಜಿನ್ನವ್ವ ನೀರನ್ನೂ ಮುಟ್ಟುವವಳಲ್ಲ. ಊರಿಗೆ ಬಂದಿದ್ದ ಮುನಿ ಮಹಾರಾಜರ ಎದುರು ಹಿಡಿದ ವ್ರತಕ್ಕೆ ಮೂವತ್ತೊಂದು ವರ್ಷ ತುಂಬಿತ್ತು. ಆಗ ಮನೆಯಲ್ಲಿ ಗಡಿಯಾರ ಇರಲಿಲ್ಲ. ಮನೆಯವರಲ್ಲಿ ಒಬ್ಬರ ಕಣ್ಣಿಗಾದರೂ ಸೂರ್ಯ ಕಾಣುವ ತನಕ ಊಟ, ಆಮೇಲೆ ಇಲ್ಲ, ಇದು ಅವಳ ಕಟ್ಟು. ಅಡುಗೆಮನೆಯಲ್ಲಿ ತಾಟಿನ ಮುಂದೆ ಕೂತವಳಿಗೆ ಆಕಾಶ ಕಾಣುತ್ತಿರಲಿಲ್ಲ. ಹತ್ತು ವರ್ಷದ ಶ್ರೇಣಿಕ ಮಾಳಿಗೆ ಹತ್ತಿ ನಿಲ್ಲುತ್ತಿದ್ದ. "ಹೊತ್ತ ಐತೇನೋ, ಶ್ರೇಣಿಕಾ?" ಎಂದು ಅವಳು ಕೂಗುತ್ತಿದ್ದಳು. "ಐತವ್ವಾ" ಎಂದರೆ ತುತ್ತು ಬಾಯಿಗೆ. "ಹೋತವ್ವಾ" ಎಂದರೆ ಕೈಯಲ್ಲಿದ್ದ ತುತ್ತೂ ಕೆಳಗೆ. ಒಂದು ದಿನವೂ ಅವನು ಸುಳ್ಳು ಹೇಳಿರಲಿಲ್ಲ. ಒಂದು ದಿನವೂ ಅವಳು ಎದ್ದು ಬಂದು ನೋಡಿರಲಿಲ್ಲ.

ಆಚೆ ದಂಡೆಯ ಬೆನ್ನಿಗೆ, ಪಡುವಣಕ್ಕೆ, ಗುಡ್ಡವಿತ್ತು. ಅಲ್ಲಿ ಕೂತವರಿಗೆ ಸೂರ್ಯ ಆಗಲೇ ಮರೆಯಾಗಿದ್ದ. ಶ್ರೇಣಿಕನ ಮುಖದ ಮೇಲೆ ಮಾತ್ರ ಇನ್ನೂ ಬಿಸಿಲಿತ್ತು. ಗುಡ್ಡದ ನೆರಳು ನೀರಿನ ಮೇಲೆ ಮೆಲ್ಲಗೆ ಈ ಕಡೆಗೆ ಸರಿಯುತ್ತಿತ್ತು.

ಆಗ ಅವನ ಕಣ್ಣು ಟವೆಲಿನ ಮೇಲೆ ಬಿತ್ತು. ಜೀಪು ಸತ್ತಿತ್ತು ನಿಜ. ಆದರೆ ಅದರ ಜೀವ ಆ ನಾಲ್ಕು ಬ್ಯಾಟರಿಗಳಲ್ಲಿ ತುಂಬಿ ಕೂತಿತ್ತು!

ಕೆಲಸ ಬಲ್ಲ ಕೈ ಅವನದು. ಚಪಾತಿಯೊಳಗೆ ಬೆಲ್ಲದ ಹೆಂಟೆಯಿಟ್ಟು ಸುತ್ತಿದ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿದ, ದೋಣಿಯ ಬೆನ್ನಿಗೆ ಸುತಳಿಯಿಂದ ಬಿಗಿದ. ಬ್ಯಾಟರಿ ಕೂಡಿಸಿ ನೀರಿಗಿಟ್ಟ. ಭಾರಕ್ಕೆ ದೋಣಿ ಒಂದು ಬೆರಳು ಕೆಳಗಿಳಿಯಿತು, ಆಮೇಲೆ ಗುಂಯ್ ಎನ್ನುತ್ತ ಹೊರಟಿತು.

ಅರವತ್ತು ಮಾರು ಸಲೀಸಾಗಿ ಹೋಯಿತು. ಎಪ್ಪತ್ತಕ್ಕೆ ತಡವರಿಸಿತು. ಆಮೇಲೆ ಇವನ ಮಾತು ಕೇಳದೆ ಅಲ್ಲೇ ಗಾಣದೆತ್ತಿನ ಹಾಗೆ ಸುತ್ತತೊಡಗಿತು. ರಿಮೋಟಿನ ಮಾತು ಅಷ್ಟು ದೂರಕ್ಕೆ ಮುಟ್ಟುತ್ತಿರಲಿಲ್ಲ. ಹೀಗೇ ಸುತ್ತಿದರೆ ಎಂಟು ನಿಮಿಷ ಮುಗಿದು ನಡುನೀರಿನಲ್ಲೇ ನಿಲ್ಲುತ್ತದೆ.

"ಅತ್ತಿ ಮಲಗಾಕ ಹೊಂಟಾರ್ರೀ! ಬೆವತ ಹೋಗ್ಯಾರ!" ಆರತಿ ಅಳುತ್ತಿದ್ದಳು.

ಶ್ರೇಣಿಕ ನೀರಿಗಿಳಿದ. ಅವನಿಗೆ ಈಜು ಬರುತ್ತಿರಲಿಲ್ಲ. ಜಿನ್ನವ್ವನ ಅಣ್ಣ ಬಾವಿಯಲ್ಲಿ ಮುಳುಗಿ ಹೋದವನು. ಅದಕ್ಕೇ ಮಗನನ್ನು ಅವಳು ಕಾಲುವೆಯ ದಂಡೆಗೂ ಬಿಟ್ಟವಳಲ್ಲ. ನೀರಿನ ಕೆಳಗೆ ಹಿಂದೊಮ್ಮೆ ಯಾರದೋ ಹೊಲವಿತ್ತು. ಅದರ ಒಡ್ಡು ಕಾಲಿಗೆ ಸಿಕ್ಕಿತು. ಒಡ್ಡಿನ ಮೇಲೆ ಹೆಜ್ಜೆ ಊರುತ್ತ ನಡೆದ. ಮೊಣಕಾಲು, ಸೊಂಟ, ಎದೆ. ರಿಮೋಟನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ. ಒಡ್ಡಿನ ಎರಡೂ ಬಾಜೂ ಏನೂ ಸಿಗುತ್ತಿರಲಿಲ್ಲ. ತನ್ನ ಮೇಲೆ ತನಗೇ ಇಷ್ಟು ಸಿಟ್ಟು ಅವನಿಗೆ ಎಂದೂ ಬಂದಿರಲಿಲ್ಲ.

ದೋಣಿ ಸುತ್ತುವುದನ್ನು ಬಿಟ್ಟು ನೆಟ್ಟಗಾಯಿತು. ಮುಂದಕ್ಕೆ ಹೊರಟಿತು.

ಆರತಿ ಸೀರೆ ನೆನೆಯುವುದನ್ನೂ ನೋಡದೆ ನೀರಿಗೆ ನುಗ್ಗಿ ಅದನ್ನು ಬಾಚಿಕೊಂಡಳು. ಗಂಟು ಹಲ್ಲಿನಿಂದ ಬಿಚ್ಚಿ ಚಪಾತಿಯನ್ನು ಅತ್ತೆಯ ಕೈಗಿಟ್ಟಳು. ಜಿನ್ನವ್ವ ಅದನ್ನು ಹಿಡಿದಳು. ಬಾಯಿಗಿಡಲಿಲ್ಲ.

"ಹೊತ್ತ ಐತೇನೋ, ಶ್ರೇಣಿಕಾ?"

ಕ್ಷೀಣ ದನಿ. ಆದರೂ ಅಡುಗೆಮನೆಯಿಂದ ಮಾಳಿಗೆಗೆ ಬರುತ್ತಿದ್ದ ಅದೇ ದನಿ. ಶ್ರೇಣಿಕ ತಲೆಯೆತ್ತಿ ನೋಡಿದ. ಗುಡ್ಡದ ನೆತ್ತಿಯ ಮೇಲೆ ಸೂರ್ಯನದೊಂದು ಅಂಚು ಉಳಿದಿತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ಅದೂ ಇಳಿಯಿತು. ಕಣ್ಣು ಚುಚ್ಚುತ್ತಿದ್ದ ಬಿಸಿಲು ಒಮ್ಮೆಲೇ ಇಲ್ಲವಾಯಿತು.

"ಐತವ್ವಾ!" ಎಂದು ಕೂಗಿದ.

ಅವಳು ತಿನ್ನಲಿಲ್ಲ. ಅವನ ಕಡೆಗೇ ನೋಡುತ್ತಿದ್ದಳು.

"ಖರೆ?"

"ಖರೆವ್ವಾ! ನನ್ನ ಕಣ್ಣಿಗೆ ಕಾಣಾಕತ್ತೈತಿ! ತಿನ್ನ ನೀ! ನೀ ತಿನ್ನೂತನಕ ನಾ ಇಲ್ಲಿಂದ ಹೊರಗ ಬರಂಗಿಲ್ಲ!"

ಕೂಗಿದ ರಭಸಕ್ಕೆ ಒಡ್ಡಿನ ಅಂಚು ಕುಸಿದು ಎಡಗಾಲು ಜಾರಿತು. ನೀರು ಗದ್ದಕ್ಕೆ ಬಂತು. ಒಂದು ಗುಟುಕು ಬಾಯಿಗೂ ಹೋಯಿತು. ಮತ್ತೆ ಕಣ್ಣು ತೆರೆದು ನೋಡಿದಾಗ ಜಿನ್ನವ್ವ ಚಪಾತಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಒಂದೊಂದೇ ಹೆಜ್ಜೆ ಹಿಂದಿಟ್ಟು ಅವನು ದಂಡೆಗೆ ಬಂದು ಬಿದ್ದ.

ಪರಸಪ್ಪ ಬಂದಾಗ ಇನ್ನೂ ಸ್ವಲ್ಪ ಬೆಳಕಿತ್ತು. ಬಲೆ ಸಿಕ್ಕಿಬಿದ್ದಿತ್ತು, ತಪ್ಪಾತು ಎಂದು ಗೊಣಗುತ್ತಲೇ ಇಬ್ಬರನ್ನೂ ದಾಟಿಸಿ ತಂದ. ಜಿನ್ನವ್ವನ ಮೈ ನಡುಕ ನಿಂತಿತ್ತು, ಮಾತು ಸ್ಪಷ್ಟವಾಗಿತ್ತು. ಕಂಬಳಿ ಹೊದ್ದು ಕೂತಿದ್ದ ಶ್ರೇಣಿಕನಿಗೆ ಅದನ್ನು ಕಂಡು ಹೋದ ಜೀವ ಬಂದಂತಾಯಿತು. ಒಂದು ಸುಳ್ಳಿನಿಂದ ತಾಯಿಯನ್ನು ಉಳಿಸಿಕೊಂಡೆ, ಇದನ್ನು ಸಾಯುವ ತನಕ ಯಾರಿಗೂ ಹೇಳಬಾರದು ಎಂದುಕೊಂಡ. ಒಳಗೊಳಗೇ ತುಸು ಹೆಮ್ಮೆಯೂ ಆಗಿತ್ತು, ಸುಳ್ಳೇಕೆ.

ಜಿನ್ನವ್ವ ತಂಬುವಿನ ಬಾಗಿಲಲ್ಲಿ ಕಾಲು ಚಾಚಿ ಕೂತಳು.

"ಆರತಿ, ನಾಳಿಂದ ಒಂದ ವರ್ಷ ನನ್ನ ತಾಟಿನ್ಯಾಗ ಉಪ್ಪ ಹಾಕಬ್ಯಾಡವಾ."

"ಯಾಕ್ರಿ ಅತ್ತಿ?"

"ವ್ರತ ಮುರದೇನಿ. ಅದಕ್ಕ ಪ್ರಾಯಶ್ಚಿತ್ತ."

ಶ್ರೇಣಿಕ ಕಂಬಳಿ ಸರಿಸಿದ. "ಹೊತ್ತ ಇತ್ತಲ್ಲವ್ವಾ. ನಾ ನೋಡಿ ಹೇಳಿದ್ನೆಲ್ಲ."

"ನಾನೂ ನೋಡಿದ್ನಿ. ನೆರಳ ನಿನ್ನ ದಾಟಿ ಹಿಂದ ಜೀಪಿನ ಮ್ಯಾಲ ಹೋಗಿತ್ತು."

"ಮತ್ತ... ಯಾಕ ತಿಂದಿ?"

ಜಿನ್ನವ್ವ ಅವನನ್ನು ದಡ್ಡನನ್ನು ನೋಡುವಂತೆ ನೋಡಿದಳು.

"ತಿನ್ನೂತನಕ ಹೊರಗ ಬರಂಗಿಲ್ಲ ಅಂದಿ. ನೀರ ನಿನ್ನ ಗದ್ದಕ ಬಂದಿತ್ತು. ನಿನಗೇನ ಈಸಾಕ ಬರತೈತೇನೋ?"

ಆರತಿ ಸ್ಟವ್ವಿಗೆ ಗಾಳಿ ಹಾಕುವುದನ್ನು ನಿಲ್ಲಿಸಿ ಕೂತಳು. ಜೀಪಿನ ಹತ್ತಿರ ಟವೆಲಿನ ಮೇಲೆ ಉಳಿದ ಮೂರು ಬ್ಯಾಟರಿಗಳು ಹಾಗೇ ಇದ್ದವು.

"ಅದ ಇರಲಿ," ಎಂದಳು ಜಿನ್ನವ್ವ, ಮೆತ್ತಗೆ. "ಜೀಪಿಗೆ ಏನಾಗಿತ್ತೋ?"

ಮಾಳಿಗೆಯ ಮೇಲಿನ ಹುಡುಗನನ್ನು ಕೇಳುತ್ತಿದ್ದ ಹಾಗೆಯೇ ಕೇಳಿದಳು. ಎದ್ದು ಹೋಗಿ ನೋಡಲಿಲ್ಲ.

"ಏನೂ ಆಗಿರಲಿಲ್ಲವ್ವಾ," ಎಂದ ಶ್ರೇಣಿಕ. "ನಾ ಎಂಜಿನ್ ಚಾಲೂ ಮಾಡಲಿಲ್ಲ."