ಕಟಕಟೆಯಲ್ಲಿ ಯಮನೂರಮ್ಮ

೧೯೮೩ರ ಬೇಸಿಗೆಯಲ್ಲಿ ಯಮನೂರಮ್ಮ ಮಗಳಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದಳು. ಗಂಡನನ್ನು ಬಿಟ್ಟು ಹನುಮಸಾಗರದ ತವರಿಗೆ ಬಂದಾಗ ಏಳು ವರ್ಷದ ಮಗಳು ಹುಲಿಗೆವ್ವನನ್ನು ಹಿರಿಯರು ಅಪ್ಪನ ಬಳಿಯೇ ಉಳಿಸಿದ್ದರು. ಆದರೆ ಗಂಗಾವತಿಯಲ್ಲಿ ಹಮಾಲಿ ಮಾಡುವ ಗಂಡ ಮಾರೆಪ್ಪನನ್ನು ಮಾಲೀಕರು ಒಂದೇ ವರ್ಷದಲ್ಲಿ ಮೂರು ಬಾಡಿಗೆ ಮನೆಗಳಿಂದ ಬಿಡಿಸಿದ್ದರು. ಹುಡುಗಿಯ ಶಾಲೆಯೂ ತಪ್ಪಿತ್ತು.

“ಕುಡದು ಹೊಡಿತಾನ ಅಂತ ಹೇಳಬೇಕವಾ. ಇಲ್ಲಂದ್ರ ಕೇಸು ನಿಲ್ಲಂಗಿಲ್ಲ,” ಎಂದು ವಕೀಲ ಹಂಪಣ್ಣ ಮೊದಲೇ ಬಾಯಿಪಾಠ ಮಾಡಿಸಿದ್ದರು.

ಯಮನೂರಮ್ಮ ಕಟಕಟೆ ಹತ್ತಿದಳು.

“ಗಂಡ ಕುಡಿದು ಹೊಡೀತಾನೇನಮ್ಮ?” ಎಂದರು ಜಡ್ಜ್ ಸಾಹೇಬರು.

ಹಂಪಣ್ಣ ಕಣ್ಸನ್ನೆ ಮಾಡಿದರು. ಯಮನೂರಮ್ಮ ಎದುರಿಗೆ ನಿಂತ ಮಾರೆಪ್ಪನನ್ನು ನೋಡಿದಳು.

“ಇಲ್ರಿ ಸಾಹೇಬ್ರ. ಒಂದಿನಾನೂ ಕೈ ಎತ್ತಿಲ್ರಿ. ಮಗಳಂದ್ರ ಭಾಳ ಜೀವ ಅವಗ. ಆದ್ರ ಆಕಿಗೆ ಮಲಗಾಕ ಒಂದು ಮನಿ ಇಲ್ರಿ.”

ವಕೀಲರ ಮುಖ ಕಪ್ಪಿಟ್ಟಿತು. ಮಗಳು ಕೈತಪ್ಪಿದಳೆಂದೇ ಆಕೆಗೆ ಅನ್ನಿಸಿತು.

“ಈಗ ಎಲ್ಲಿ ಇದ್ದೀಯಪ್ಪ?” ಎಂದು ಜಡ್ಜರು ಮಾರೆಪ್ಪನನ್ನು ಕೇಳಿದರು. ಅವನು ಕಿಸೆಯಿಂದ ಬಾಡಿಗೆ ಚೀಟಿಯೊಂದನ್ನು ತೆಗೆದ. ಒಮ್ಮೆ ಹೆಂಡತಿಯ ಮುಖ ನೋಡಿ, ಅದನ್ನು ಮುಷ್ಟಿಯಲ್ಲೇ ಮುದುಡಿದ.

“ಇದು ದೋಸ್ತ ಬರದುಕೊಟ್ಟ ಸುಳ್ಳು ಚೀಟಿರಿ. ನಾನು, ಮಗಳು ರೈಸ್‌ಮಿಲ್ಲಿನ ಪಡಸಾಲ್ಯಾಗ ಮಲಗ್ತೀವ್ರಿ.”

ಮಧ್ಯಾಹ್ನಕ್ಕೆ ತೀರ್ಪಾಯಿತು: ಮಗಳು ತಾಯಿಯ ಬಳಿ ಇರಬೇಕು, ತಂದೆ ವಾರಕ್ಕೊಮ್ಮೆ ಬಂದು ನೋಡಬಹುದು.

ಹೊರಗೆ ಬೇವಿನ ಮರದ ಕೆಳಗೆ ಕಾಯುತ್ತಿದ್ದ ಮಗಳ ಕೈಯನ್ನು ಮಾರೆಪ್ಪ ಯಮನೂರಮ್ಮನ ಕೈಗಿಟ್ಟ. “ಕೆಮ್ಮು ಐತಿ ಆಕಿಗೆ. ತಣ್ಣೀರು ಕೊಡಬ್ಯಾಡ,” ಎಂದ.

ಗೆದ್ದವಳಿಗೆ ಗೆದ್ದೆ ಅನ್ನಿಸಲಿಲ್ಲ. “ಐತವಾರ ಮುಂಜಾನೇನ ಬಾ,” ಎಂದಳು. “ಊಟ ಮಾಡ್ಕೊಂಡು ಹೋಗುವಂತಿ.”