ಮೇಲಿನ ನೀರು

ಹೈದರಾಬಾದ್ ಸರಕಾರ ಪಾಯ ತೋಡಿ ಬಿಟ್ಟುಹೋಗಿದ್ದ ಪೂಲನ್ನು, ಅಂದರೆ ಸೇತುವೆಯನ್ನು, ಮೈಸೂರು ಸರಕಾರ ಬಂದ ಮೇಲೆ ಮುಗಿಸಿದರು. ಭಾಲ್ಕಿಗೆ ಹೋಗುವ ದಾರಿಯಲ್ಲಿ ನಮ್ಮೂರ ಹಳ್ಳ ಮಳೆಗಾಲ ಬಂತೆಂದರೆ ಬಂಡಿ, ಎತ್ತು ಅನ್ನದೆ ಎಳೆದೊಯ್ಯುತ್ತಿತ್ತು. ಈಗ ಲಾರಿ ಹಾಯುವಷ್ಟು ಗಟ್ಟಿ ಕಲ್ಲುಕಟ್ಟಡ, ಅಡಿಯಲ್ಲಿ ನೀರು ಹರಿಯಲು ದೊಡ್ಡ ಪೈಪುಗಳು. ಪೂಲಿನ ಕೆಳಗಡೆಯ ಕೇರಿಯ ಕಾಂತಾಬಾಯಿ ಅದಕ್ಕೆ ಚಳಿಗಾಲವಿಡೀ ಕಲ್ಲು ಹೊತ್ತಿದ್ದಳು.

ಬೇಸಿಗೆ ಬಂತು. ನಮ್ಮೂರವರ ಬುದ್ಧಿ ನೋಡಿ, ಎಮ್ಮೆಗಳಿಗೆ ನೀರು ನಿಲ್ಲಲಿ ಎಂದು ಪೈಪುಗಳ ಬಾಯಿಗೆ ಕಲ್ಲು, ಮಣ್ಣಿನ ಚೀಲ ಜಡಿದರು. ಮೇಲ್ಗಡೆ ನೀರು ನಿಂತಿತು, ಕೆಳಗೆ ಕೇರಿಯವರ ಒರತೆ ಬತ್ತಿತು. ಮೇಲಿನ ನೀರನ್ನು ಅವರು ಮುಟ್ಟುವಂತಿಲ್ಲ. ಹೋದ ವರ್ಷವೇ ಕೇರಿಯವರು ಬೌದ್ಧರಾಗಿದ್ದರು. ಊರವರು ದಿನಾ ಬಸವಣ್ಣನ ಹೆಸರು ಹೇಳಿಯೇ ಊಟಕ್ಕೆ ಕೂಡುತ್ತಿದ್ದರು. ನೀರಿನ ಕಟ್ಟಳೆ ಮಾತ್ರ ಯಾರ ಮಾತಿಗೂ ಜಗ್ಗಲಿಲ್ಲ.

ಮೊದಲ ಮಳೆಯ ಮೋಡ ಕಟ್ಟಿದ ಸಂಜೆ ಕಾಂತಾಬಾಯಿ ಪಾಟೀಲ ಮಲ್ಲಿಕಾರ್ಜುನಪ್ಪನ ಅಂಗಳಕ್ಕೆ ಓಡಿಬಂದಳು.

"ಪಾಟೀಲ್ರೇ, ಮ್ಯಾಲಿನ ಊರಾಗ ಮಳಿ ಹೊಡೀಲತದ್ರಿ. ಪೈಪ್ ತೆಗಸ್ರಿ. ಪೂಲ್ ಒಡದ್ರ ನಮ್ ಮನಿ ಒಂದೂ ಉಳಿಯಲ್ರಿ."

"ನಾಳಿಗಿ ಆಳ್ ಕಳಸ್ತೇನಿ, ಹೋಗು."

"ನಾಳಿ ತನಕ ನೀರ್ ಕೇಳ್ತದೇನ್ರಿ? ನಾವೇ ತೆಗೀತೇವಿ."

ಪಾಟೀಲ ಎದ್ದು ನಿಂತ. "ನೀರಾಗ ಇಳೀತಿ? ನಮ್ ಎಮ್ಮಿ ಕುಡಿಯೋ ನೀರದ!"

"ಎಮ್ಮಿಗೋಳು ತಕರಾರ್ ಮಾಡಲ್ರಿ," ಎಂದು ಅವಳು ತಿರುಗಿದಳು.

ಗಂಡ ಕಾಶೀರಾಮ "ಹೊಡೀತಾರ, ಬ್ಯಾಡ" ಎನ್ನುತ್ತಲೇ ಅವಳ ನಡುವಿಗೆ ಹಗ್ಗ ಬಿಗಿದು ಪೂಲಿನ ಮೇಲೆ ನಿಂತು ಹಿಡಿದ. ಅಷ್ಟರಲ್ಲಿ ಮಳೆ ಹುಚ್ಚೆದ್ದು ಸುರಿಯತೊಡಗಿತು. ನೀರು ಪೂಲಿನ ಅಂಚಿಗೆ ಏರುತ್ತಿತ್ತು. ಪಾಟೀಲ ಆಳುಗಳ ಜೊತೆ ಬಂದ. ಆಳುಗಳ ಕೈಯಲ್ಲಿ ಬಡಿಗೆ ಇದ್ದವು, ಆದರೆ ಆ ನೀರಿಗೆ ಇಳಿಯುವ ಗುಂಡಿಗೆ ಒಬ್ಬನಿಗೂ ಇರಲಿಲ್ಲ. ಪೂಲು ಅವರಿಗೂ ಬೇಕಿತ್ತು. ಕಾಂತಾಬಾಯಿ ಮುಳುಗಿ ಒಂದೊಂದೇ ಕಲ್ಲು ಕಿತ್ತಳು. ಕಡೆಯ ಚೀಲ ಜಾರಿದಾಗ ನೀರು ಅವಳನ್ನೂ ಸೆಳೆಯಿತು. ಕಾಶೀರಾಮ ಕಿರುಚುತ್ತ ಹಗ್ಗ ಜಗ್ಗಿ ಮೇಲೆಳೆದ. ಪೈಪುಗಳಲ್ಲಿ ನೀರು ಹರಿಯಿತು. ಪೂಲೂ ಉಳಿಯಿತು, ಕೇರಿಯೂ ಉಳಿಯಿತು.

ಬೆಳಿಗ್ಗೆ ಔರಾದದ ಲಾರಿ ಆ ಪೂಲಿನ ಮೇಲೆಯೇ ಹಾಯ್ದುಬಂತು. ಊರೆಲ್ಲ ನೋಡಲು ನೆರೆದಿತ್ತು. ಅವಳು ಇಳಿದ ನೀರನ್ನು ಏನು ಮಾಡುವುದು ಎಂದು ಯಾರೋ ಕೇಳಿಯೇಬಿಟ್ಟರು. ಪಾಟೀಲ ಮೀಸೆ ಸವರಿದ.

"ಹರಿಯೋ ನೀರಿಗಿ ಮೈಲಿಗಿ ಇಲ್ರಪಾ."

ಕಾಂತಾಬಾಯಿಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಹೋಗಿ ಕೊಡ ತಂದು, ಎಲ್ಲರ ಕಣ್ಣೆದುರೇ ಪೂಲಿನ ಮೇಲ್ಗಡೆಗೆ ಇಳಿದು ಮುಳುಗಿಸಿದಳು. ಆಳುಗಳು ಪಾಟೀಲನ ಮುಖ ನೋಡುತ್ತ ನಿಂತರು. ಅವಳು ಕೊಡ ಎತ್ತಿದಾಗ ಅರ್ಧ ನೀರು ಸೀರೆಯ ಮೇಲೆಯೇ ಚೆಲ್ಲಿತು.

ಅದು ಬರೀ ರಾಡಿ, ಕುಡಿಯಲು ಬರುವಂತಿರಲಿಲ್ಲ. ಆದರೂ ಅವಳು ಅದನ್ನು ಹೊತ್ತು, ಊರ ನಡುವಿನ ದಾರಿಯಿಂದಲೇ ಮನೆಗೆ ಹೋದಳು.